ಪಡಸಾಲೆ ದೀಪಕ್ಕೆ ಬೇರೆ ಸ್ವಿಚ್ ಹಾಕಿಸಬೇಕು. ಹಳೇ ಮನೆ, ಹಳೇ ವೈರಿಂಗ್. ಏನೇನು ನೋಡಿಕೊಳ್ಳಬೇಕು?

ವಿಜಯಪುರ ಪಡಸಾಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರದ ಶಹಾಪುರ ಅಗಸಿ ಕಡೆ ಹಳೇ ಮನೆ. ಪಡಸಾಲೆಯಲ್ಲಿ ಮೊದಲಿಂದ ಒಂದು ಟ್ಯೂಬ್‌ಲೈಟ್ ಇದೆ. ಹೋದ ದೀಪಾವಳಿಗೆ ಮಧ್ಯದಲ್ಲಿ ಒಂದು ತೂಗುದೀಪ ಹಾಕಿಸಿದೆವು. ಲೋಹದ್ದು, 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬು. ಹಾಕಿದವರು ಟ್ಯೂಬ್‌ನ ವೈರಿಗೇ ಅದನ್ನೂ ಜೋಡಿಸಿ ಹೋದರು. ಈಗ ಒಂದು ಸ್ವಿಚ್ ಒತ್ತಿದರೆ ಎರಡೂ ಹತ್ತುತ್ತವೆ.

ಅವ್ವ ಪಡಸಾಲೆಯಲ್ಲೇ ಮಲಗುತ್ತಾರೆ. ರಾತ್ರಿ ಎದ್ದರೆ ಇಷ್ಟು ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂತಾರೆ. ಅದರ ಮೇಲೆ ಬಾಗಿಲು ಪೂರ್ತಿ ತೆರೆದರೆ ಸ್ವಿಚ್ ಬೋರ್ಡು ಬಾಗಿಲ ಹಿಂದೆ ಹೋಗಿಬಿಡುತ್ತದೆ. ಕತ್ತಲಲ್ಲಿ ಬಾಗಿಲು ಸರಿಸಿ ಕೈ ತೂರಿಸಬೇಕು. ಅದಕ್ಕೆ ತೂಗುದೀಪಕ್ಕೆ ಮಾತ್ರ ಬಾಗಿಲ ಈ ಕಡೆ ಒಂದು ಬೇರೆ ಸ್ವಿಚ್ ಹಾಕೋಣ ಅಂತಿದ್ದೇನೆ.

ಇನ್ನೊಂದು ವಿಷಯ. ಸ್ವಿಚ್ ಆಫ್ ಮಾಡಿದ ಮೇಲೂ ತೂಗುದೀಪದ ಬಲ್ಬುಗಳು ಮಂದವಾಗಿ ಹೊಳೆಯುತ್ತಲೇ ಇರುತ್ತವೆ. ಲೈಟ್ ಎಲ್ಲ ಆರಿಸಿದಾಗ ಚೆನ್ನಾಗಿ ಕಾಣುತ್ತದೆ. ಬಲ್ಬ್ ಬದಲಿಸಿ ನೋಡಿದೆ, ಅದೇ ಕಥೆ.

ಯಾವ ವೈರ್, ಎಷ್ಟು ಆಂಪಿಯರ್ ಸ್ವಿಚ್, ನಾನೇ ಮಾಡಬಹುದಾ, ತಿಳಿದವರು ಹೇಳಿ.

ನವನಗರ ವೈರ್‌ಮನ್

ಸರ್, ವೈರ್ ಮತ್ತು ಸ್ವಿಚ್ಚಿನ ಮಾತು ಆಮೇಲೆ. ಮೊದಲು ನಾಲ್ಕು ವಿಷಯ ತಿಳಿಸಿ. ವೈರಿಂಗ್ ಗೋಡೆ ಒಳಗಿದೆಯೋ, ಮರದ ಪಟ್ಟಿ ಮೇಲಿದೆಯೋ? ವೈರ್ ತಾಮ್ರದ್ದೋ ಅಲ್ಯೂಮಿನಿಯಂದೋ? ಮನೆಯಲ್ಲಿ ಇನ್ವರ್ಟರ್ ಇದೆಯಾ? ಮೇನ್ ಹತ್ತಿರ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇದೆಯೋ ಇನ್ನೂ ತಂತಿ ಕಟ್ಟುವ ಹಳೇ ಕಿಟ್‌ಕ್ಯಾಟ್ ಫ್ಯೂಸೋ?

ಮಂದವಾಗಿ ಹೊಳೆಯುತ್ತದೆ ಅಂದ್ರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ನನಗೆ ಸಂಶಯ ಬಂದಿರುವುದೇ ಅಲ್ಲಿ.

ಸಿಂದಗಿ ಹುಡುಗ

ಇಷ್ಟಕ್ಕೆಲ್ಲ ಯಾಕೆ ಚಿಂತೆ ಅಣ್ಣಾ. ಹಳೇ ಬೋರ್ಡಿನಿಂದ ಒಂದು ವೈರ್ ತಗೊಂಡು ಹೊಸ ಸ್ವಿಚ್ಚಿಗೆ, ಅಲ್ಲಿಂದ ದೀಪಕ್ಕೆ. ಮೇನ್ ಆಫ್ ಮಾಡಿಕೊಂಡು ಕೂತರೆ ಅರ್ಧ ಗಂಟೆ ಕೆಲಸ.

ವಿಜಯಪುರ ಪಡಸಾಲೆ

ವೈರ್‌ಮನ್ ಸರ್, ನೋಡಿ ಬಂದೆ. ಪಡಸಾಲೆಯಲ್ಲಿ ಮರದ ಪಟ್ಟಿ, ಕ್ಲಿಪ್ಪು ಹೊಡೆದ ಹಳೇ ವೈರಿಂಗ್. ಎರಡೂ ವೈರು ಒಂದೇ ಬಣ್ಣ, ಮಾಸಿದ ಕಪ್ಪು. ಒಳಮನೆಯಲ್ಲಿ ಮಾತ್ರ ಆಮೇಲೆ ಪೈಪ್ ಹಾಕಿಸಿ ಹೊಸದು ಮಾಡಿದ್ದೇವೆ, ಅಲ್ಲಿ ತಾಮ್ರ. ಪಡಸಾಲೆಯದು ಬೆಳ್ಳಗೆ ಕಾಣುತ್ತದೆ, ಅಲ್ಯೂಮಿನಿಯಂ ಇರಬೇಕು. ಎಂಸಿಬಿ ಇದೆ, ಕರೆಂಟು ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಕೂಡ ಇದೆ. ಇನ್ವರ್ಟರ್ ಇದೆ, ಪಡಸಾಲೆ ಲೈಟು ಫ್ಯಾನು ಅದರ ಮೇಲೇ ಇವೆ.

ನವನಗರ ವೈರ್‌ಮನ್

ಹಾಗಿದ್ದರೆ ಸಿಂದಗಿ ತಮ್ಮನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಯಾಕೆಂದರೆ ಈಗ ನಮ್ಮ ಕಡೆ ಮನೆಮನೆಗೂ ಇನ್ವರ್ಟರ್ ಬಂದಿದೆ, ಇದು ಎಲ್ಲರಿಗೂ ಬೇಕಾದ ಮಾತು.

ತಮ್ಮಾ, ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೆ ಲೈಟಿನ ಲೈನ್ ಸತ್ತಿತು ಅಂತ ತಿಳಿಯಬೇಡ. ಮೇನ್ ಕೆಳಗೆ ಎಳೆದ ಕೂಡಲೇ ಏನಾಗುತ್ತದೆ ಗಮನಿಸು. ಫ್ರಿಜ್ಜಿನ ಸದ್ದು ನಿಲ್ಲುತ್ತದೆ, ಫ್ಯಾನು ಒಂದು ಕ್ಷಣ ಸೋತಂತೆ ಮಾಡುತ್ತದೆ, ಇನ್ವರ್ಟರ್ ಟಕ್ ಅನ್ನುತ್ತದೆ, ಫ್ಯಾನು ಮತ್ತೆ ವೇಗ ಹಿಡಿಯುತ್ತದೆ. ಕರೆಂಟ್ ಹೋಯಿತು ಅಂತ ತಿಳಿದು ಇನ್ವರ್ಟರ್ ತನ್ನ ಕೆಲಸ ಶುರು ಮಾಡಿರುತ್ತದೆ. ನೀನು ಬಿಚ್ಚುತ್ತಿರುವ ಸ್ವಿಚ್ಚಿನಲ್ಲಿ ಮನೆ ಕರೆಂಟಿನಷ್ಟೇ ವೋಲ್ಟೇಜು ಇರುತ್ತದೆ. ಬ್ಯಾಟರಿ 12 ವೋಲ್ಟಿನದು ಇರಬಹುದು, ಹೊರಗೆ ಬರುವುದು 230ರ ಆಸುಪಾಸಿನದೇ. ಶಾಕ್ ಹೊಡೆದರೆ ಎರಡಕ್ಕೂ ಫರಕ್ಕಿಲ್ಲ.

ಬರೀ ಇನ್ವರ್ಟರಿನ ಬಟನ್ ಆಫ್ ಮಾಡಿದರೂ ಸಾಲದು. ಮೇನ್ ಇದ್ದರೆ ಆ ಕರೆಂಟು ಇನ್ವರ್ಟರ್ ದಾಟಿ ಲೈಟಿಗೆ ಹೋಗುತ್ತಲೇ ಇರುತ್ತದೆ. ಎರಡನ್ನೂ ಆಫ್ ಮಾಡಬೇಕು. ಮೊದಲು ಇನ್ವರ್ಟರಿನ ಬಟನ್, ಆಮೇಲೆ ಮೇನ್. ಮನೆಯ ಎಲ್ಲ ಲೈಟು, ಫ್ಯಾನು ನಿಂತಿದ್ದು ಕಣ್ಣಾರೆ ನೋಡಬೇಕು. ಆ ಮೇಲೂ ಮುಟ್ಟುವ ಮುಂಚೆ ಟೆಸ್ಟ್ ಮಾಡಬೇಕು. ಮೇನ್ ಆಫ್ ಮಾಡುವ ಮೊದಲೇ ಟೆಸ್ಟರನ್ನು ಕರೆಂಟ್ ಇರುವ ಸಾಕೆಟ್ಟಿಗೆ ಇಟ್ಟು ಅದು ಹತ್ತುತ್ತದೆ ಅಂತ ಖಾತ್ರಿ ಮಾಡಿಕೋ. ಕೆಟ್ಟ ಟೆಸ್ಟರು ಎಲ್ಲೆಡೆ ‘ಕರೆಂಟ್ ಇಲ್ಲ’ ಅಂತಲೇ ಹೇಳುತ್ತದೆ. ಮನೆಯವರಿಗೂ ಹೇಳಿಟ್ಟಿರು. ನೀನು ಸ್ಟೂಲ್ ಮೇಲೆ ನಿಂತಾಗ ಯಾರೋ ಬಂದು ಮೇನ್ ಎತ್ತಬಾರದು.

ಇನ್ನು ನಿಮ್ಮ ದೀಪ, ವಿಜಯಪುರ ಸರ್. ನನಗಿರುವ ಸಂಶಯ ಇದು: ನಿಮ್ಮ ಪಡಸಾಲೆ ಬೋರ್ಡಿನಲ್ಲಿ ಸ್ವಿಚ್ಚು ಫೇಸ್ (ಕರೆಂಟು ತರುವ ವೈರು) ಬದಲು ನ್ಯೂಟ್ರಲ್ (ವಾಪಸ್ ಒಯ್ಯುವ ವೈರು) ಕಡಿಯುತ್ತಿದೆ. ಎರಡೂ ವೈರು ಕಪ್ಪು, ಹಾಕಿದವರು ತಿರುಗುಮುರುಗು ಮಾಡಿರುತ್ತಾರೆ.

ಸಿಂದಗಿ ಹುಡುಗ

ಇನ್ವರ್ಟರ್ ಮಾತು ಒಪ್ಪಿದೆ ಅಣ್ಣಾ, ನನಗೆ ಅದು ಹೊಳೆದಿರಲಿಲ್ಲ. ಆದರೆ ಫೇಸ್ ಆಗಲಿ ನ್ಯೂಟ್ರಲ್ ಆಗಲಿ, ಒಂದು ಕಡಿದರೆ ದೀಪ ಆರುತ್ತದೆ ಅಲ್ವಾ? ಇಷ್ಟು ವರ್ಷ ಟ್ಯೂಬ್ ಹತ್ತಿ ಆರಿದೆ. ತೊಂದರೆ ಏನು?

ಜಮಖಂಡಿ ಮಾಸ್ತರ

ಇದಕ್ಕೆ ನಾನು ಉತ್ತರಿಸುತ್ತೇನೆ, ಮಕ್ಕಳಿಗೆ ಪಾಠ ಹೇಳುವ ವಿಷಯ ಇದು.

ದೀಪ ಆರುತ್ತದೆ, ನಿಜ. ಆದರೆ ಕರೆಂಟು ಎಲ್ಲಿ ನಿಂತಿರುತ್ತದೆ ನೋಡಿ. ಸ್ವಿಚ್ ಫೇಸಿನಲ್ಲಿದ್ದರೆ ಆಫ್ ಮಾಡಿದಾಗ ಫೇಸು ಬೋರ್ಡಿನಲ್ಲೇ ನಿಲ್ಲುತ್ತದೆ. ಹೋಲ್ಡರಿನಲ್ಲಿ ಅಪಾಯ ಇರುವುದಿಲ್ಲ. ಸ್ವಿಚ್ ನ್ಯೂಟ್ರಲ್‌ನಲ್ಲಿದ್ದರೆ ಫೇಸು ಸೀದಾ ಹೋಲ್ಡರಿನ ತನಕ ಬಂದು ಕೂತಿರುತ್ತದೆ. ಅಷ್ಟೇ ಅಲ್ಲ, ಬಲ್ಬಿನ ಮೂಲಕ ಹಾದು ಆ ಕಡೆಯ ವೈರಿಗೂ ಬಂದಿರುತ್ತದೆ. ಸ್ವಿಚ್ ಆಫ್ ಇದೆ ಅಂತ ನಂಬಿ ಬಲ್ಬ್ ಬದಲಿಸಲು ಹೋದವರ ಬೆರಳು ಹೋಲ್ಡರಿನ ಪಿನ್ನಿಗೆ ತಾಗಿದರೆ? ವಿಜಯಪುರದವರ ದೀಪ ಲೋಹದ್ದು ಬೇರೆ. ಒಳಗೆ ವೈರಿನ ಸಿಪ್ಪೆ ಸವೆದು ಲೋಹದ ಮೈಗೆ ತಾಗಿದರೆ ಸ್ವಿಚ್ ಆಫ್ ಇದ್ದಾಗಲೂ ಇಡೀ ದೀಪಕ್ಕೆ ಕರೆಂಟ್ ಬರುತ್ತದೆ.

ಈಗ ಮಂದ ಬೆಳಕಿನ ಕಾರಣ. ಫೇಸು ಬಲ್ಬಿನ ತನಕ ಬಂದಿದೆ, ವಾಪಸ್ ಹೋಗುವ ದಾರಿ ಮಾತ್ರ ಕಡಿದಿದೆ. ಆದರೂ ಪಕ್ಕಪಕ್ಕದ ವೈರುಗಳ ನಡುವೆ, ವೈರು ಮತ್ತು ಗೋಡೆಯ ನಡುವೆ ಒಂದು ಸಣ್ಣ ಕೆಪಾಸಿಟರ್ ತಾನಾಗಿಯೇ ಇರುತ್ತದೆ. ನಮ್ಮದು ಸೆಕೆಂಡಿಗೆ 50 ಸಲ ತಿರುಗುವ ಎಸಿ. ಆ ದಾರಿಯಲ್ಲಿ ಬಹಳ ಸಣ್ಣ ಕರೆಂಟು ಹರಿದಾಡುತ್ತಲೇ ಇರುತ್ತದೆ. 60 ವ್ಯಾಟಿನ ಹಳೇ ತಂತಿ ಬಲ್ಬು ಇದ್ದಾಗಲೂ ಅದು ಹರಿಯುತ್ತಿತ್ತು. ಆದರೆ ತಂತಿ ಕೆಂಪಗಾಗಲು ಅದು ಏನೇನೂ ಸಾಲದು, ಅದಕ್ಕೆ ನಮಗೆ ಕಾಣುತ್ತಿರಲಿಲ್ಲ. ಎಲ್‌ಇಡಿಗೆ ತೀರಾ ಕಡಿಮೆ ಕರೆಂಟ್ ಸಾಕು. ಅದು ತೋರಿಸಿಕೊಟ್ಟಿತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಒಂದು ಮಾತು ಸೇರಿಸುತ್ತೇನೆ. ಮಂದವಾಗಿ ಹೊಳೆಯುವುದೆಲ್ಲ ಇದೇ ದೋಷ ಅಂತಲ್ಲ. ಸ್ವಿಚ್ಚಿನಲ್ಲೇ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕವೂ ಅಷ್ಟು ಕರೆಂಟ್ ದಾಟುತ್ತದೆ. ಉದ್ದಕ್ಕೆ ಒಟ್ಟೊಟ್ಟಿಗೆ ಹೋದ ವೈರುಗಳಿಂದಲೂ ಬರುತ್ತದೆ. ಅವು ಅಪಾಯದವಲ್ಲ. ಆದ್ದರಿಂದ ಪರೀಕ್ಷೆ ಮಾಡಿಯೇ ತೀರ್ಮಾನಕ್ಕೆ ಬನ್ನಿ.

ವಿಜಯಪುರ ಪಡಸಾಲೆ

ಮಾಸ್ತರ, ಪರೀಕ್ಷೆ ಹೇಗೆ?

ನವನಗರ ವೈರ್‌ಮನ್

ಇದನ್ನು ಕರೆಂಟ್ ಇಟ್ಟುಕೊಂಡೇ ನೋಡಬೇಕು, ಅದಕ್ಕೆ ನೀವು ಮಾಡಬೇಡಿ, ಗೊತ್ತಿರುವವರಿಂದ ಮಾಡಿಸಿ. ಸ್ವಿಚ್ ಆಫ್ ಇಟ್ಟು, ದೀಪಕ್ಕೆ ಹೋಗುವ ಎರಡೂ ವೈರಿನ ಮೇಲೆ ಟೆಸ್ಟರ್ ಇಟ್ಟರೆ ಎರಡರಲ್ಲೂ ಹತ್ತಿದರೆ ನ್ಯೂಟ್ರಲ್ ಕಡಿದಿದೆ ಅಂತ ಅರ್ಥ. ಮಾಸ್ತರರು ಹೇಳಿದ ಹಾಗೆ ಬಲ್ಬ್ ದಾಟಿ ಬಂದಿರುತ್ತದೆ. ಟೆಸ್ಟರ್ ಸುಳ್ಳೂ ಹೇಳುತ್ತದೆ, ಪಕ್ಕದ ವೈರಿನ ಪ್ರಭಾವಕ್ಕೂ ಮಿಣುಕುತ್ತದೆ. ಅದಕ್ಕೆ ನಾನು ಮೀಟರ್ ಅಥವಾ ಟೆಸ್ಟ್ ಲ್ಯಾಂಪ್ ಇಡುತ್ತೇನೆ. ಅರ್ತ್ (ನೆಲಕ್ಕೆ ಜೋಡಿಸಿದ ವೈರು) ಮತ್ತು ಹೋಲ್ಡರ್ ನಡುವೆ ಮೀಟರು 230 ತೋರಿಸಿದರೆ ಮಾತು ಮುಗಿಯಿತು.

ನೀವೇ ನೋಡಬಹುದಾದ ಒಂದು ಸುಳಿವು ಇದೆ. ಅದೇ ಬೋರ್ಡಿನಲ್ಲಿ ಮೂರು ತೂತಿನ ಸಾಕೆಟ್ ಇದೆಯಾ? ದೊಡ್ಡ ತೂತು ಮೇಲೆ ಇರುವಂತೆ ಎದುರು ನಿಂತು ನೋಡಿದರೆ ಫೇಸ್ ಬಲಗಡೆ ಇರಬೇಕು. ಎಡಗಡೆ ಟೆಸ್ಟರ್ ಹತ್ತಿದರೆ ಬೋರ್ಡಿಗೆ ಬಂದ ಲೈನೇ ತಿರುಗಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ವಿಜಯಪುರ ಪಡಸಾಲೆ

ಈಗಷ್ಟೇ ನೋಡಿದೆ ಸರ್. ಎಡಗಡೆ ಹತ್ತಿತು. ಬಲಗಡೆ ಇಲ್ಲ. ಒಳಮನೆಯ ಸಾಕೆಟ್ಟುಗಳಲ್ಲಿ ಬಲಗಡೆಯೇ ಇದೆ.

ಟಿಳಕವಾಡಿ ಅಕ್ಕ

ಇದನ್ನು ಓದಿ ನಾನೂ ಎದ್ದು ನಮ್ಮ ಮನೆ ಸಾಕೆಟ್ಟುಗಳನ್ನು ನೋಡಿ ಬಂದೆ. ಸರಿ ಇವೆ, ಸಮಾಧಾನ ಆಯಿತು.

ನಾನು ಕೇಳಬೇಕಂದಿದ್ದು ಅವ್ವನವರ ಬಗ್ಗೆ. ಸ್ವಿಚ್ಚು ಬಾಗಿಲ ಬಳಿ ಹಾಕಿದರೆ ಅವರು ರಾತ್ರಿ ಕತ್ತಲಲ್ಲಿ ಬಾಗಿಲ ತನಕ ನಡೆದೇ ದೀಪ ಹಚ್ಚಬೇಕು ಅಲ್ವಾ? ಬೀಳುವುದು ಅಲ್ಲೇ. ನಮ್ಮ ಅತ್ತೆಯವರಿಗೆ ನಾವು ಎರಡು ಸ್ವಿಚ್ ಹಾಕಿಸಿದ್ದೇವೆ, ಟೂ ವೇ, ಯಾವುದರಿಂದಲಾದರೂ ಅದೇ ದೀಪ ಹಚ್ಚಬಹುದು, ಆರಿಸಬಹುದು. ಒಂದು ಬಾಗಿಲ ಬಳಿ, ಒಂದು ಮಂಚದ ಪಕ್ಕ ಮಲಗಿದಲ್ಲಿಂದಲೇ ಕೈಗೆ ಸಿಗುವಂತೆ. ಮಾಮೂಲಿ ಸ್ವಿಚ್ಚು ನಾಲ್ಕು, ನಾಲ್ಕೂವರೆ ಅಡಿ ಎತ್ತರಕ್ಕೆ ಹಾಕುತ್ತಾರೆ. ಮಂಚದ ಪಕ್ಕದ್ದಕ್ಕೆ ಆ ಲೆಕ್ಕ ಬೇಡ. ಅವರನ್ನು ಮಲಗಿಸಿ, ಕೈ ಚಾಚಲು ಹೇಳಿ, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಸ್ವಿಚ್ಚೂ ಸ್ವಲ್ಪ ಅಗಲದ್ದು ತಗೊಳ್ಳಿ, ಸಂದಿವಾತದ ಬೆರಳಿಗೆ ಸಣ್ಣದು ಕಷ್ಟ.

ಬೆಳಗಾವಿಯವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುತ್ತದೆ. ಪಶ್ಚಿಮದ ಹೊರಗೋಡೆಗೆ ಹೊಸ ಬೋರ್ಡು ಹಾಕಿಸಬೇಡಿ, ಒಳಗಿನ ಗೋಡೆ ನೋಡಿಕೊಳ್ಳಿ. ಬೋರ್ಡು ಮುಟ್ಟಿದರೆ ಜುಮ್ ಅಂದರೆ ಒಣಗಲಿ ಅಂತ ಕಾಯಬೇಡಿ, ಅವತ್ತೇ ತೋರಿಸಿ.

ವಿಜಯಪುರ ಪಡಸಾಲೆ

ಅಕ್ಕಾರ, ಇದು ನನ್ನ ತಲೆಗೇ ಬಂದಿರಲಿಲ್ಲ. ಮಂಚದ ಪಕ್ಕದ್ದು ಖಂಡಿತ ಹಾಕಿಸುತ್ತೇನೆ. ವೈರ್‌ಮನ್ ಸರ್, ಟೂ ವೇಗೆ ಎಷ್ಟು ವೈರ್ ಬೇಕಾಗುತ್ತದೆ? ಮತ್ತೆ ಗೋಡೆ ಕಲ್ಲಿನದು, ಒಳಗೆ ಮಣ್ಣು ತುಂಬಿದ್ದು. ಕೊರೆಸಬೇಕಾ?

ಗುಳೇದಗುಡ್ಡದವ

ಗೋಡೆ ಮಾತಿಗೆ ನಾನು ಬರುತ್ತೇನೆ. ನಮ್ಮದೂ ಕಲ್ಲಿನ ಮನೆ. ದಯವಿಟ್ಟು ಕೊರೆಸಬೇಡಿ. ಒಳಗೆ ಮಣ್ಣಿರುವ ಕಲ್ಲುಗೋಡೆಗೆ ಮಷೀನ್ ಹಚ್ಚಿದರೆ ಗೆರೆ ಸೀದಾ ಬರುವುದಿಲ್ಲ. ಒಂದು ಕಲ್ಲು ಅಲುಗಿದರೆ ಸುತ್ತಲಿನ ಗಿಲಾವೂ ಹಪ್ಪಳದಂತೆ ಏಳುತ್ತದೆ. ಆಮೇಲೆ ಗೌಂಡಿಯನ್ನು ಕರೆಸಬೇಕು, ಸಿಮೆಂಟ್ ಮೆತ್ತಬೇಕು, ಆ ಸಿಮೆಂಟು ಹಳೇ ಮಣ್ಣಿಗೆ ಹಿಡಿಯುವುದಿಲ್ಲ.

ಪಿವಿಸಿ ಕೇಸಿಂಗ್ ಪಟ್ಟಿ ಹಾಕಿಸಿ. ಬಾಗಿಲ ಚೌಕಟ್ಟಿನ ಅಂಚಿಗೇ ಹಿಡಿದು ಮೇಲೆ ಒಯ್ದು, ಅಲ್ಲಿಂದ ತೊಲೆಯ ಬದಿಗೆ ತಂದರೆ ಕಣ್ಣಿಗೆ ಹೊಡೆಯುವುದಿಲ್ಲ. ನಾವು ಪಟ್ಟಿಗೆ ಗೋಡೆಯ ಬಣ್ಣವನ್ನೇ ಹಚ್ಚಿದ್ದೇವೆ. ಮುಂದೆ ಏನಾದರೂ ಬದಲಿಸಬೇಕಾದರೆ ಮುಚ್ಚಳ ತೆಗೆದರೆ ಆಯಿತು. ಹಳೇ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸ್ಕ್ರೂ ಮಾತ್ರ ಕಲ್ಲುಗಳ ಸಂದಿಯ ಮಣ್ಣಿಗೆ ಹೊಡೆಯಬಾರದು, ಗಟ್ಟಿ ಕಲ್ಲು ಹುಡುಕಿ ಡ್ರಿಲ್ ಮಾಡಿ, ಸ್ಕ್ರೂ ಹಿಡಿಯುವ ಗಿಟ್ಟಿ ಕೂರಿಸಿ ಹೊಡೆಯಬೇಕು.

ಇನ್ನೊಂದು, ತೂಗುದೀಪದ ಭಾರ ಯಾವುದರ ಮೇಲಿದೆ? ತೊಲೆಗೆ ಹುಕ್ಕು ಇರಬೇಕು. ವೈರಿನ ಮೇಲೆ ತೂಗಬಾರದು.

ವಿಜಯಪುರ ಪಡಸಾಲೆ

ಹುಕ್ಕು ಇದೆ ಅಣ್ಣಾರ, ಮೊದಲು ಫ್ಯಾನು ಅದಕ್ಕೇ ಇತ್ತು.

ನವನಗರ ವೈರ್‌ಮನ್

ಕೇಸಿಂಗ್ ಮಾತು ಸರಿ. ನಾನೂ ಅದನ್ನೇ ಹೇಳುತ್ತಿದ್ದೆ.

ಟೂ ವೇ ಸ್ವಿಚ್ಚಿನ ಹಿಂದೆ ಮೂರು ಟರ್ಮಿನಲ್ ಇರುತ್ತವೆ. ಅದರಲ್ಲಿ ಒಂದು ಕಾಮನ್. ಸಾಮಾನ್ಯವಾಗಿ ಅದು ಮಧ್ಯದಲ್ಲಿರುತ್ತದೆ, ಆದರೂ ಗುರುತು ನೋಡಿಯೇ ಹಾಕಬೇಕು. ಫೇಸು ಮೊದಲ ಸ್ವಿಚ್ಚಿನ ಕಾಮನ್‌ಗೆ ಬರುತ್ತದೆ. ಉಳಿದ ಎರಡು ಟರ್ಮಿನಲ್ಲಿನಿಂದ ಎರಡು ವೈರು ಎರಡನೇ ಸ್ವಿಚ್ಚಿನ ಅವೇ ಎರಡಕ್ಕೆ ಹೋಗುತ್ತವೆ. ಎರಡನೇ ಸ್ವಿಚ್ಚಿನ ಕಾಮನ್‌ನಿಂದ ಒಂದು ವೈರು ದೀಪಕ್ಕೆ. ನ್ಯೂಟ್ರಲ್ ಯಾವ ಸ್ವಿಚ್ಚಿಗೂ ಮುಟ್ಟುವುದಿಲ್ಲ, ಸೀದಾ ದೀಪಕ್ಕೆ ಹೋಗುತ್ತದೆ. ಹೀಗೆ ಮಾಡಿದರೆ ಯಾವ ಸ್ವಿಚ್ಚಿನಿಂದ ಆರಿಸಿದರೂ ಕಡಿಯುವುದು ಫೇಸೇ.

ವೈರು ಉಳಿಸಲು ಎರಡೂ ಸ್ವಿಚ್ಚಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕೊಟ್ಟು ದೀಪವನ್ನು ನಡುವೆ ಕೂರಿಸುವವರು ಈಗಲೂ ಇದ್ದಾರೆ. ಅಲ್ಲಿ ದೀಪ ಆರಿದಾಗಲೂ ಹೋಲ್ಡರಿನ ಎರಡೂ ಕಡೆ ಫೇಸ್ ಇರುವ ಸಂದರ್ಭ ಬರುತ್ತದೆ. ಆ ಥರ ಯಾರಾದರೂ ಹೇಳಿದರೆ ಬೇಡ ಅನ್ನಿ.

ಸಾಮಾನು: 1.5 ಚದರ ಮಿಲಿಮೀಟರಿನ ತಾಮ್ರದ ವೈರು. ನಿಮ್ಮ ದೀಪ ಒಟ್ಟು 36 ವ್ಯಾಟು, ಅಂದರೆ ಆಂಪಿಯರಿನ ಆರರಲ್ಲಿ ಒಂದು ಪಾಲು. 1 ಚದರ ಮಿಲಿಮೀಟರ್ ಸಾಕು, ಆದರೂ 1.5 ಗಟ್ಟಿ. ಸ್ವಿಚ್ಚು 6 ಆಂಪಿಯರಿನದು, 16ರದ್ದು ಬೇಕಿಲ್ಲ. ವೈರಿನ ಮೇಲೆ ಐಎಸ್ 694, ಸ್ವಿಚ್ಚಿನ ಮೇಲೆ ಐಎಸ್ 3854 ಅಂತ ಐಎಸ್‌ಐ ಗುರುತು ನೋಡಿ. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ತಿಗೆ ಹಸಿರು. ಸ್ವಿಚ್ಚುಗಳ ನಡುವಿನ ಎರಡು ವೈರಿಗೆ ಹಳದಿ, ನೀಲಿ ತಗೊಳ್ಳಿ. ಆಮೇಲೆ ಬಂದವನಿಗೆ ನೋಡಿದ ಕೂಡಲೇ ತಿಳಿಯಬೇಕು. ನಿಮ್ಮ ಈಗಿನ ತೊಂದರೆಗೆ ಆ ಒಂದೇ ಬಣ್ಣದ ವೈರೇ ಕಾರಣ ಇರಬಹುದು.

ಲೋಹದ ದೀಪಕ್ಕೆ ಹಸಿರು ವೈರು ಬೇಕೇ ಬೇಕು. ಹಳೇ ಪಟ್ಟಿ ವೈರಿಂಗಿನಲ್ಲಿ ಅರ್ತ್ ಬಂದಿರುವುದಿಲ್ಲ, ಒಳಮನೆಯ ಬೋರ್ಡಿನಿಂದ ಎಳೆಸಿ. ನಿಮ್ಮದು ಎರೆಭೂಮಿ. ಬೇಸಿಗೆಯಲ್ಲಿ ನೆಲ ಬಿರಿದು ಅರ್ತಿಂಗ್ ರಾಡಿನಿಂದ ಮಣ್ಣು ದೂರ ಸರಿಯುತ್ತದೆ. ಅರ್ತಿಂಗ್ ಗುಂಡಿಗೆ ಆಗಾಗ ನೀರು ಹಾಕುತ್ತಿರಿ.

ಅಲ್ಯೂಮಿನಿಯಂ ವೈರಿಗೆ ತಾಮ್ರವನ್ನು ತಿರುಚಿ ಟೇಪ್ ಸುತ್ತಿಸಬೇಡಿ. ಆ ಜೋಡಣೆ ಕಾಲ ಹೋದಂತೆ ಸಡಿಲಾಗುತ್ತದೆ, ಕಿಲುಬು ಹಿಡಿಯುತ್ತದೆ, ಬಿಸಿಯಾಗುತ್ತದೆ. ಮರದ ಪಟ್ಟಿಯ ಮೇಲೆ ಬಿಸಿ ಆಗಬಾರದು. ಪಡಸಾಲೆಗೆ ಒಳಮನೆಯಿಂದಲೇ ಹೊಸ ತಾಮ್ರದ ಲೈನ್ ತರಿಸಿ, ಹಳೆಯದನ್ನು ಪೂರ್ತಿ ತೆಗೆಸಿಬಿಡಿ. ಹೇಗಿದ್ದರೂ ಪಟ್ಟಿ ಹೊಡೆಯುತ್ತಿದ್ದೀರಿ.

ಆ ಲೈನ್ ತರುವಾಗ ಫೇಸನ್ನು ಇನ್ವರ್ಟರ್ ಕಡೆಯಿಂದ ತಂದರೆ ನ್ಯೂಟ್ರಲ್ಲೂ ಇನ್ವರ್ಟರ್ ಕಡೆಯದೇ ಆಗಬೇಕು. ಒಂದು ಅಲ್ಲಿಂದ ಒಂದು ಇಲ್ಲಿಂದ ತಂದರೆ ನಿಮ್ಮ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಹೋದ ಕರೆಂಟೂ ಬಂದ ಕರೆಂಟೂ ಸಮ ಇದೆಯಾ ಅಂತ ನೋಡುವುದೇ ಅದರ ಕೆಲಸ. ಆಗ ಕೆಲವರು ಬೇಸತ್ತು ಆರ್‌ಸಿಸಿಬಿಯನ್ನೇ ತೆಗೆಸುತ್ತಾರೆ. ಅದು ಜೀವ ಉಳಿಸುವ ಸಾಧನ ಸರ್, ಯಾರು ಹೇಳಿದರೂ ತೆಗೆಸಬೇಡಿ.

ಗೋಕಾಕ ರೋಡ್

ಈಗ ಫೋನಿನಿಂದ ಹಚ್ಚುವ ಸ್ಮಾರ್ಟ್ ಸ್ವಿಚ್ ಬಂದಿವೆಯಲ್ಲ, ಅದನ್ನೇ ಹಾಕಿದರೆ ಎರಡನೇ ಸ್ವಿಚ್ಚಿನ ವೈರ್ ಉಳಿಯುತ್ತದೆ ಅಲ್ವಾ?

ನವನಗರ ವೈರ್‌ಮನ್

ಉಳಿಯುತ್ತದೆ. ಆದರೆ ಹೆಚ್ಚಿನವುಗಳಿಗೆ ಬೋರ್ಡಿನಲ್ಲಿ ನ್ಯೂಟ್ರಲ್ ಬೇಕು. ವಯಸ್ಸಾದವರಿಗೆ ರಾತ್ರಿ ಕೈಗೆ ಸಿಗುವ ಬಟನ್ನೇ ಮೇಲು. ಮುಂದೆ ಬೇಕಾದೀತು ಅಂತ ಒಂದು ಕಪ್ಪು ವೈರನ್ನು ಬೋರ್ಡಿನ ತನಕ ತಂದು, ತುದಿಗೆ ಟೇಪು ಸುತ್ತಿ ಒಳಗೆ ಇಡಿಸಿ.

ಸಿಂದಗಿ ಹುಡುಗ

ಹಾಗಾದ್ರೆ ಸ್ವಂತ ಏನೂ ಮಾಡಬಾರದಾ ಅಣ್ಣಾ? ಕಲಿಯೋದು ಹೇಗೆ?

ಜಮಖಂಡಿ ಮಾಸ್ತರ

ಕಲಿಯಬೇಕು. ಕಾನೂನೂ ಅಷ್ಟು ಬಿಟ್ಟಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಬಂದಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು ಇದ್ದಲ್ಲೇ ಬದಲಿಸುವುದಕ್ಕೆ ಅಡ್ಡಿ ಇಲ್ಲ. ಹೊಸ ಪಾಯಿಂಟ್ ಸೇರಿಸುವುದು, ಲೈನ್ ಬದಲಿಸುವುದು ಲೈಸೆನ್ಸ್ ಇರುವ ಕಂಟ್ರಾಕ್ಟರಿನ ಕೆಲಸ. ಮೀಟರು ಮತ್ತು ಅದರ ಹಿಂದಿನದು ಹೆಸ್ಕಾಂದು. ಅಲ್ಲಿ ತೊಂದರೆ ಕಂಡರೆ 1912ಕ್ಕೆ ಫೋನ್ ಮಾಡಿ, ಕೈ ಹಾಕಬೇಡಿ.

ನೀನು ವೈರ್‌ಮನ್ ಬಂದಾಗ ಪಕ್ಕದಲ್ಲಿ ನಿಂತುಕೋ, ಸಾಮಾನು ಕೊಡು, ಕೇಳು. ಎಷ್ಟೋ ಕಲಿಯುತ್ತೀಯ.

ನವನಗರ ವೈರ್‌ಮನ್

ಮಾಸ್ತರರು ಹೇಳಿದ್ದು ಸರಿ. ತಮ್ಮಾ, ಸ್ವಿಚ್ ಬದಲಿಸುವಾಗ ಇಷ್ಟು ನೋಡಿಕೋ. ವೈರಿನ ಸಿಪ್ಪೆಯನ್ನು ಒಂದು ಸೆಂಟಿಮೀಟರಿಗಿಂತ ಜಾಸ್ತಿ ಸುಲಿಯಬೇಡ. ಎಳೆಗಳನ್ನು ಬಿಗಿಯಾಗಿ ತಿರುಚಿ, ತೆಳ್ಳಗಿದ್ದರೆ ಮಡಚಿ ಎರಡು ಪದರ ಮಾಡಿ ಟರ್ಮಿನಲ್ಲಿಗೆ ತೂರಿಸು. ಸ್ಕ್ರೂ ಬಿಗಿದ ಮೇಲೆ ವೈರನ್ನು ಒಮ್ಮೆ ಜಗ್ಗಿ ನೋಡು. ಬರಬಾರದು. ಹೊರಗೆ ತಾಮ್ರ ಕಾಣಬಾರದು. ಒಂದು ಎಳೆ ಹೊರಗುಳಿದರೂ ಬಿಚ್ಚಿ ಮತ್ತೆ ಹಾಕು. ಸ್ವಿಚ್ಚುಗಳಲ್ಲಿ ಚಟ್ ಚಟ್ ಸದ್ದು, ಸುಟ್ಟ ವಾಸನೆ ಬರುವುದು ಹೆಚ್ಚಾಗಿ ಸಡಿಲ ಸ್ಕ್ರೂನಿಂದಲೇ.

ವಿಜಯಪುರ ಪಡಸಾಲೆ

ಎಲ್ಲರಿಗೂ ಸುದ್ದಿ ಹೇಳಲು ಬಂದೆ. ಕೆಲಸ ಮುಗಿಯಿತು.

ಗಾಂಧಿಚೌಕ ಕಡೆಯಿಂದ ಲೈಸೆನ್ಸ್ ಇರುವ ಒಬ್ಬರನ್ನು ಕರೆಸಿದ್ದೆ. ಇಲ್ಲಿ ಬಂದ ಮಾತುಗಳನ್ನೆಲ್ಲ ತೋರಿಸಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ಕೂತು ಓದಿದರು. ಹಳೇ ಬೋರ್ಡು ಬಿಚ್ಚಿದಾಗ ಸಂಶಯ ನಿಜವಾಯಿತು. ಒಳಮನೆಯ ಹೊಸ ವೈರಿಗೆ ಪಡಸಾಲೆಯ ಹಳೇ ವೈರನ್ನು ಜೋಡಿಸಿದಲ್ಲಿ ಫೇಸು, ನ್ಯೂಟ್ರಲ್ ತಿರುಗಿದ್ದವು. ಕೆಂಪು ತಾಮ್ರದ ವೈರು ಹೋಗಿ ಒಂದು ಕಪ್ಪಿಗೆ, ಕಪ್ಪು ಹೋಗಿ ಇನ್ನೊಂದು ಕಪ್ಪಿಗೆ. ಟೇಪು ತೆಗೆದರೆ ಜೋಡಣೆಯ ಸುತ್ತ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು, ಬೆರಳಲ್ಲಿ ಮುರಿಯುತ್ತಿತ್ತು. ನೋಡಿ ಎದೆ ಝಲ್ ಅಂದಿತು. ಅವ್ವನ ಮಂಚ ಅದರ ಕೆಳಗೇ ಇದೆ.

ಪಡಸಾಲೆಯ ಹಳೇ ವೈರು ಪೂರ್ತಿ ತೆಗೆಸಿ ತಾಮ್ರದ್ದು ಹಾಕಿಸಿದೆ. ಕೇಸಿಂಗ್ ಪಟ್ಟಿ ಚೌಕಟ್ಟಿನ ಅಂಚಿಗೇ ಬಂದಿದೆ. ದೀಪಕ್ಕೆ ಹಸಿರು ವೈರು ಬಂತು. ತೂಗುದೀಪಕ್ಕೆ ಬಾಗಿಲ ಬಳಿ ಒಂದು, ಮಂಚದ ಪಕ್ಕ ಒಂದು ಸ್ವಿಚ್. ಅದರ ಎತ್ತರ ಅವ್ವನೇ ತೋರಿಸಿದರು. ಟ್ಯೂಬಿನ ಸ್ವಿಚ್ಚೂ ಬಾಗಿಲ ಈ ಕಡೆಗೆ ಬಂತು. ರಾತ್ರಿಗೆ ನಾಲ್ಕು ಬಲ್ಬೂ ಜಾಸ್ತಿ ಅಂತ ಎರಡನ್ನು ತೆಗೆದು ಕಡಿಮೆ ವ್ಯಾಟಿನವು ಹಾಕಿದ್ದೇವೆ. ಆಫ್ ಮಾಡಿದರೆ ಈಗ ಪೂರ್ತಿ ಕತ್ತಲೆ, ಮಂದ ಬೆಳಕು ಹೋಗಿದೆ. ಆರ್‌ಸಿಸಿಬಿ ಬಿದ್ದಿಲ್ಲ.

ಟಿಳಕವಾಡಿ ಅಕ್ಕಾರಿಗೆ ಅವ್ವ ನಮಸ್ಕಾರ ಹೇಳಿದ್ದಾರೆ.

ಟಿಳಕವಾಡಿ ಅಕ್ಕ

ಅವ್ವನವರಿಗೆ ನನ್ನದೂ ನಮಸ್ಕಾರ. ಬಹಳ ಖುಷಿ ಆಯಿತು.

ಸಿಂದಗಿ ಹುಡುಗ

ಅಣ್ಣಾ, ಟೂ ವೇನಲ್ಲಿ ಸ್ವಿಚ್ಚು ಕೆಳಗಿದ್ದರೆ ಆನ್ ಅನ್ನೋ ಲೆಕ್ಕ ಇರೋದಿಲ್ಲ ಅಲ್ವಾ? ಬಲ್ಬ್ ಬದಲಿಸುವಾಗ ಆಫ್ ಇದೆಯೋ ಇಲ್ಲವೋ ಹೇಗೆ ತಿಳಿಯಬೇಕು?

ನವನಗರ ವೈರ್‌ಮನ್

ಒಳ್ಳೇ ಪ್ರಶ್ನೆ ತಮ್ಮಾ. ತಿಳಿಯುವುದಿಲ್ಲ. ಬಲ್ಬು ಸುಟ್ಟಿದ್ದರೆ ಸ್ವಿಚ್ ನೋಡಿ ಹೇಳಲು ಆಗುವುದೇ ಇಲ್ಲ. ಟೂ ವೇ ದೀಪದ ಬಲ್ಬ್ ಬದಲಿಸುವಾಗ ಇನ್ವರ್ಟರಿನ ಬಟನ್ನೂ ಆಫ್ ಮಾಡು, ಆ ಲೈನಿನ ಎಂಸಿಬಿಯನ್ನೂ ಕೆಳಗಿಳಿಸು. ವಿಜಯಪುರ ಸರ್, ನಿಮ್ಮ ಎಂಸಿಬಿ ಮೇಲೆ ‘ಪಡಸಾಲೆ – ಇನ್ವರ್ಟರ್’ ಅಂತ ಒಂದು ಚೀಟಿ ಅಂಟಿಸಿಬಿಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ, ಒತ್ತಿದ ಕೂಡಲೇ ಬೀಳಬೇಕು. ಆ ಹಳೇ ಬೋರ್ಡಿನ ಸಾಕೆಟ್ ಏನಾಯಿತು, ಬಲಗಡೆಗೆ ಬಂತಾ?

ವಿಜಯಪುರ ಪಡಸಾಲೆ

ಬಂತು ಸರ್, ಬಲಗಡೆಯೇ ಹತ್ತುತ್ತದೆ. ಚೀಟಿ ಈಗಲೇ ಅಂಟಿಸುತ್ತೇನೆ.